ಕೊನೆಮನೆಯ ನಲ್ಲಿಗೆ ನೀರು ಯಾಕೆ ತಲುಪುವುದಿಲ್ಲ: ಕೋಲಾರದ ಹಳ್ಳಿಯೊಂದರ ನೀರಿನ ಲೆಕ್ಕ

ಬೆಳಿಗ್ಗೆ ಆರೂವರೆಗೆ ನೀರು ಬಿಟ್ಟರೆ ಟ್ಯಾಂಕಿನ ಪಕ್ಕದ ಮನೆಯಲ್ಲಿ ಬಿಂದಿಗೆ ಒಂದೇ ನಿಮಿಷಕ್ಕೆ ತುಂಬುತ್ತದೆ. ಊರ ತುದಿಯ ಕಾಲೊನಿಯಲ್ಲಿ ಅಷ್ಟೇ ದೊಡ್ಡ ಬಿಂದಿಗೆ ತುಂಬಲು ಎಂಟು ಹತ್ತು ನಿಮಿಷ ಬೇಕು. ಎರಡನೆಯ ಬಿಂದಿಗೆ ಇಡುವಷ್ಟರಲ್ಲಿ ಧಾರೆ ಸಣ್ಣಗಾಗಿ, ಮೂರನೆಯದಕ್ಕೆ ಬರೀ ಗಾಳಿ ಬರುತ್ತದೆ. ಎರಡೂ ಮನೆಗೆ ಹೋಗುವುದು ಒಂದೇ ಟ್ಯಾಂಕಿನ ನೀರು. ಎರಡೂ ಮನೆಯ ಮುಂದೆ ಒಂದೇ ಥರದ ನಲ್ಲಿ ಇದೆ. ಸರ್ಕಾರದ ಲೆಕ್ಕದಲ್ಲಿ ಎರಡೂ ‘ನಲ್ಲಿ ಸಂಪರ್ಕ ಇರುವ ಮನೆ’.

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಈ ಮಾತು ಬಂದಾಗಲೆಲ್ಲ ಕೇಳುವುದು ಎರಡೇ ಉತ್ತರ. ‘ಬೋರಲ್ಲಿ ನೀರಿಲ್ಲ’ ಅನ್ನುವುದು ಒಂದು, ‘ನೀರುಗಂಟಿ ಸರಿಯಾಗಿ ಬಿಡ್ತಿಲ್ಲ’ ಅನ್ನುವುದು ಇನ್ನೊಂದು. ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ನಮ್ಮೂರಿನ ನೀರು ಮತ್ತು ನೈರ್ಮಲ್ಯ ಸಮಿತಿಗೆ ಸೇರಿ, ನೀರುಗಂಟಿಯ ಜೊತೆ ಮೋಟರ್ ಮನೆಯಿಂದ ಕೊನೆಯ ನಲ್ಲಿಯವರೆಗೆ ನಡೆದ ಮೇಲೆ ಗೊತ್ತಾಯಿತು: ನಡುವೆ ಆರೇಳು ಕಡೆ ನೀರು ನಿಲ್ಲುತ್ತದೆ, ಸೋರುತ್ತದೆ, ಕೆಡುತ್ತದೆ. ಪ್ರತಿಯೊಂದಕ್ಕೂ ಲೆಕ್ಕ ಇದೆ. ಆ ಲೆಕ್ಕ ಊರಿಗೆ ಗೊತ್ತಿದ್ದರೆ ಯಾವ ದುಡ್ಡು ಎಲ್ಲಿ ಹಾಕಬೇಕು ಅನ್ನುವುದೂ ಗೊತ್ತಾಗುತ್ತದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ನೀರುಗಂಟಿ ಅನ್ನುವ ಪದದ ಬಗ್ಗೆ ಒಂದು ಮಾತು. ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೀರ್ಮಾನಿಸಿ, ತುದಿಯ ಗದ್ದೆಗೂ ನೀರು ಮುಟ್ಟಿಸುತ್ತಿದ್ದವನು ನೀರುಗಂಟಿ. ಸುಗ್ಗಿಯಲ್ಲಿ ಕಣದಲ್ಲೇ ಅವನ ಪಾಲು ಅಳೆದು ಕೊಡುತ್ತಿದ್ದರು. ಕೆರೆಗಳು ಬತ್ತಿದ ಮೇಲೆ ಆ ಹೆಸರು ಪಂಚಾಯ್ತಿ ಮೋಟರಿನ ಬೀಗದ ಕೈ ಹಿಡಿದವನಿಗೆ ಬಂತು. ಕಾಗದದಲ್ಲಿ ಅವನು ವಾಟರ್‌ಮ್ಯಾನ್. ಕೆಲಸ ಮಾತ್ರ ಹಳೆಯದೇ, ಇರುವ ನೀರನ್ನು ತುದಿಯವರೆಗೆ ಹಂಚುವುದು.

ಎಷ್ಟು ನೀರು ಬೇಕು, ಎಷ್ಟು ಬರುತ್ತದೆ

ಲೆಕ್ಕಕ್ಕೆ ಸುಲಭವಾಗಲಿ ಎಂದು 240 ಮನೆ, 1,200 ಜನ ಇರುವ ಒಂದು ಊರು ಹಿಡಿಯೋಣ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’, ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕು ಎನ್ನುತ್ತದೆ. ಐದು ಜನರ ಮನೆಗೆ 275 ಲೀಟರ್, ಅಂದರೆ ಹದಿನೈದು ಲೀಟರಿನ ಬಿಂದಿಗೆಯಲ್ಲಿ ಹದಿನೆಂಟು ಬಿಂದಿಗೆ. ಇಡೀ ಊರಿಗೆ ದಿನಕ್ಕೆ 66,000 ಲೀಟರ್.

ಇದು ಎಲ್ಲಿಂದ ಬರಬೇಕು? ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ. ಪಾಲಾರ್ ಇದೆ, ದಕ್ಷಿಣ ಪಿನಾಕಿನಿ ಇದೆ, ಮಾರ್ಕಂಡೇಯ ಇದೆ, ಎಲ್ಲವೂ ಮಳೆ ಬಂದರೆ ಹರಿಯುವಂಥವು. ಹಾಗಾಗಿ ಹಳ್ಳಿಗಳೆಲ್ಲ ಕೊಳವೆಬಾವಿಯನ್ನೇ ನಂಬಿವೆ. ನಮ್ಮ ನೆಲದ ಕೆಳಗಿರುವುದು ಗಟ್ಟಿ ಬಂಡೆ. ಮರಳು ನೆಲದ ಹಾಗೆ ಇದು ನೀರು ಹೀರಿ ಹಿಡಿದುಕೊಳ್ಳುವುದಿಲ್ಲ. ಮೇಲಿನ ಸವೆದ ಪದರದಲ್ಲಿ ಒಂದಿಷ್ಟು, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಒಂದಿಷ್ಟು ನೀರು ನಿಲ್ಲುತ್ತದೆ. ಬೋರ್ ಹಾಕುವವರು ‘ಗ್ಯಾಪ್ ಸಿಕ್ಕಿತು’ ಎನ್ನುವುದು ಈ ಬಿರುಕಿಗೆ. ಮೇಲಿನ ಪದರ ಒಣಗಿದಂತೆಲ್ಲ ಇನ್ನೂ ಆಳದ ಬಿರುಕು ಹುಡುಕಿಕೊಂಡು ಹೋಗಿ ಈಗ ಸಾವಿರ ಅಡಿ ದಾಟಿದ ಬೋರುಗಳು ನಮ್ಮಲ್ಲಿ ಸಾಮಾನ್ಯ. ವರ್ಷದಲ್ಲಿ ಇಂಗುವುದಕ್ಕಿಂತ ಎತ್ತುವುದೇ ಹೆಚ್ಚು ಇರುವ, ‘ಅತಿಬಳಕೆ’ಯ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ತಾಲ್ಲೂಕುಗಳು ವರ್ಷಾನುಗಟ್ಟಲೆಯಿಂದ ಇವೆ.

ಬೋರಿನ ನೀರನ್ನು ನಾವು ಇಂಚಿನಲ್ಲಿ ಹೇಳುತ್ತೇವೆ. ‘ಎರಡು ಇಂಚು ಬಂತು’ ಎಂದರೆ ಖುಷಿ, ‘ಒಂದೇ ಇಂಚು’ ಎಂದರೆ ಬೇಸರ. ಒಂದು ಇಂಚು ಅಂದರೆ ಎರಡು ಇಂಚಿನ ಅರ್ಧ ಎಂದುಕೊಳ್ಳುವುದು ಸಹಜ. ಆದರೆ ಇಂಚಿನ ಲೆಕ್ಕ ಹಾಗೆ ನಡೆಯುವುದಿಲ್ಲ. ಬೋರ್ ನೀರನ್ನು ಅಳೆಯುವ ತಗಡಿನ ಅಂಚಿನಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರಕ್ಕೆ ಕತ್ತರಿಸಿರುತ್ತಾರೆ. ಆ ಕಚ್ಚಿನಲ್ಲಿ ನೀರು ಎಷ್ಟು ಇಂಚು ಎತ್ತರಕ್ಕೆ ಹರಿಯುತ್ತದೆ ಅನ್ನುವುದೇ ಈ ಇಂಚು. ಎತ್ತರ ಏರಿದಂತೆ ಕಚ್ಚಿನ ಅಗಲವೂ ಏರುತ್ತದೆ, ನೀರಿನ ವೇಗವೂ ಏರುತ್ತದೆ. ಹಾಗಾಗಿ ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚು ಎಂದರೆ ಸುಮಾರು 2,900 ಲೀಟರ್, ಮೂರು ಇಂಚು ಎಂದರೆ ಎಂಟು ಸಾವಿರದ ಹತ್ತಿರ. ಎರಡು ಇಂಚಿನ ಬೋರು ಒಂದು ಇಂಚಿಗೆ ಇಳಿದರೆ ಊರು ಕಳೆದುಕೊಳ್ಳುವುದು ಅರ್ಧವನ್ನಲ್ಲ, ಆರರಲ್ಲಿ ಐದು ಪಾಲನ್ನು. ಬೇಸಿಗೆಯಲ್ಲಿ ‘ಸ್ವಲ್ಪ ಕಡಿಮೆಯಾಗಿದೆ ಅಷ್ಟೇ’ ಎಂದು ಸುಮ್ಮನಿದ್ದು, ಹದಿನೈದು ದಿನಕ್ಕೆ ಟ್ಯಾಂಕರ್ ಕರೆಸುವ ಪರಿಸ್ಥಿತಿ ಬರುವುದು ಇದರಿಂದಲೇ.

ಈಗ ನಮ್ಮ ಊರಿಗೆ ಎರಡು ಇಂಚಿನ ಒಂದು ಬೋರು ಇದೆ ಎಂದುಕೊಳ್ಳಿ. 66,000 ಲೀಟರನ್ನು 2,900ರಿಂದ ಭಾಗಿಸಿದರೆ ಸುಮಾರು 23 ಗಂಟೆ. ಅಂದರೆ ಮೋಟರಿಗೆ ದಿನದಲ್ಲಿ ಒಂದೇ ಗಂಟೆ ಬಿಡುವು. ಆ ಮೋಟರ್ ರೈತರ ಪಂಪ್‌ಸೆಟ್ ಇರುವ ಲೈನಿನಲ್ಲೇ ಇದ್ದರೆ ಅದಕ್ಕೆ ಸಿಗುವುದು ದಿನಕ್ಕೆ ಏಳು ಗಂಟೆಯ ತ್ರೀಫೇಸ್ ಕರೆಂಟು. ಏಳು ಗಂಟೆಗೆ 20,300 ಲೀಟರ್. ತಲೆಗೆ 17 ಲೀಟರ್. ಬೋರಿನಲ್ಲಿ ನೀರು ಇದ್ದೂ ಊರಿಗೆ ನೀರಿಲ್ಲ. ‘ಬೋರಲ್ಲಿ ನೀರಿಲ್ಲ’ ಎಂದು ಇನ್ನೊಂದು ಬೋರ್ ಕೊರೆಸಲು ಹೊರಡುವ ಮುಂಚೆ ಈ ಒಂದು ಭಾಗಾಕಾರ ಮಾಡಿ ನೋಡಬೇಕು. ಸಾವಿರ ಅಡಿ ಕೊರೆಸಿ ನೀರು ಸಿಗುತ್ತದೋ ಇಲ್ಲವೋ ಎಂದು ಕಾಯುವ ಬದಲು, ಇರುವ ಬೋರಿಗೆ ಕುಡಿಯುವ ನೀರಿಗೆಂದೇ ಬೇರೆ ಲೈನು ಎಳೆಸುವುದು ಎಷ್ಟೋ ಊರುಗಳಲ್ಲಿ ಹೆಚ್ಚು ನೀರು ಕೊಡುತ್ತದೆ.

ಇನ್ನೊಂದು ವಿಷಯವನ್ನು ರೈತರಾಗಿರುವ ನಾವೇ ಒಪ್ಪಿಕೊಳ್ಳಬೇಕು. ಊರ ಬೋರೂ ಟೊಮೆಟೊ ತೋಟದ ಬೋರೂ ಎಷ್ಟೋ ಸಲ ಒಂದೇ ಬಿರುಕಿನ ನೀರು ಕುಡಿಯುತ್ತಿರುತ್ತವೆ. ಪಕ್ಕದಲ್ಲಿ ಇನ್ನೂ ಆಳದ ಬೋರ್ ಬಿದ್ದರೆ ಊರ ಬೋರ್ ಸೋಲುತ್ತದೆ. ಇದನ್ನು ತಡೆಯಲೆಂದೇ ರಾಜ್ಯದಲ್ಲಿ 1999ರ ಕಾಯ್ದೆ ಇದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡುವ ಹಾಗಿಲ್ಲ. ಇದು ಗೊತ್ತಿರುವವರು ಊರಿನಲ್ಲಿ ಕಡಿಮೆ. ಗೊತ್ತಿದ್ದವರೂ ನೆಂಟರ ಜಮೀನು ಎಂದು ಬಾಯಿ ಬಿಡುವುದಿಲ್ಲ.

ಮೋಟರ್ ಯಾಕೆ ಪದೇ ಪದೇ ಸುಡುತ್ತದೆ

ಸಾವಿರ ಅಡಿಯಿಂದ, ಅಂದರೆ 300 ಮೀಟರ್ ಆಳದಿಂದ, ಸಾವಿರ ಲೀಟರ್ ನೀರು ಎತ್ತಲು ಬೇಕಾಗುವ ಶಕ್ತಿ 0.8 ಯೂನಿಟ್. ಅದು ಒಂದಿಷ್ಟೂ ನಷ್ಟವಿಲ್ಲದ ಲೆಕ್ಕ. ಪಂಪು, ಮೋಟರ್, ಕೇಬಲ್ಲು, ಪೈಪು ಎಲ್ಲದರ ನಷ್ಟ ಕಳೆದು ನೂರಕ್ಕೆ ನಲವತ್ತು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ ಎಂದುಕೊಂಡರೆ ಎರಡು ಯೂನಿಟ್. ನಮ್ಮ ಅಜ್ಜಂದಿರ ಕಾಲದ ಹಾಗೆ ಇನ್ನೂರು ಅಡಿಯಲ್ಲಿ ನೀರಿದ್ದಿದ್ದರೆ ಇದೇ ಕೆಲಸಕ್ಕೆ ಅರ್ಧ ಯೂನಿಟ್ಟೂ ಬೇಕಿರಲಿಲ್ಲ. ಆಳ ಐದು ಪಟ್ಟಾದರೆ ಕರೆಂಟೂ ಐದು ಪಟ್ಟು.

ಆಳದಲ್ಲಿ ಕೆಲಸ ಮಾಡುವ ಸಬ್‌ಮರ್ಸಿಬಲ್ ಮೋಟರನ್ನು ತಂಪಾಗಿ ಇಡುವುದು ಅದರ ಸುತ್ತ ಹರಿಯುವ ನೀರೇ. ಬೋರಿನ ನೀರು ಪಂಪಿನ ಕೆಳಕ್ಕೆ ಇಳಿದರೆ ಮೋಟರ್ ಒಣಗಿಯೇ ಓಡಿ ಬಿಸಿಯಾಗುತ್ತದೆ. ಮೂರು ಫೇಸಿನಲ್ಲಿ ಒಂದು ಹೋದರೆ ಉಳಿದೆರಡರ ಮೇಲೆ ಭಾರ ಬಿದ್ದು ಕಾಯಿಲ್ ಸುಡುತ್ತದೆ. ವೋಲ್ಟೇಜ್ ಇಳಿದರೂ ಅಷ್ಟೇ. ಇವು ಮೂರಕ್ಕೂ ಮೋಟರನ್ನು ತಾನಾಗಿ ನಿಲ್ಲಿಸುವ ಸಲಕರಣೆಗಳು ಪ್ಯಾನಲ್ ಬೋರ್ಡಿನಲ್ಲೇ ಇರಬೇಕು. ಬಹಳ ಕಡೆ ಇರುತ್ತವೆ ಕೂಡ. ಆದರೆ ಮೋಟರ್ ಪದೇ ಪದೇ ನಿಲ್ಲುತ್ತದೆ, ಜನ ಬೈಯುತ್ತಾರೆ ಎಂದು ವೈರು ಕಿತ್ತು ನೇರ ಕೊಟ್ಟುಬಿಟ್ಟಿರುತ್ತಾರೆ. ನಮ್ಮೂರಿನಲ್ಲಿ ಹಾಗೇ ಆಗಿತ್ತು. ಯಾರನ್ನೂ ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ನೀರಿಗಾಗಿ ಬಾಗಿಲಿಗೆ ಬರುವವರ ಮಾತು ಕೇಳಬೇಕಾದವನು ನೀರುಗಂಟಿ ಒಬ್ಬನೇ. ಪ್ಯಾನಲ್ ಬೋರ್ಡ್ ಯಾಕೆ ನಿಲ್ಲಿಸುತ್ತಿದೆ ಅನ್ನುವುದನ್ನು ಅವನಿಗೆ ಯಾರೂ ತಿಳಿಸಿ ಹೇಳಿರಲಿಲ್ಲ.

ಮೋಟರ್ ಸುಟ್ಟರೆ ಖರ್ಚು ಕಾಯಿಲ್ ಕಟ್ಟಿಸುವುದಷ್ಟೇ ಅಲ್ಲ. ಸಾವಿರ ಅಡಿ ಪೈಪು ಮೇಲೆತ್ತಲು ಲಾರಿ, ಆಳು, ಮತ್ತೆ ಇಳಿಸಲು ಇನ್ನೊಂದು ದಿನ, ನಡುವೆ ಟ್ಯಾಂಕರ್. ಎರಡು ಮೂರು ಹಳ್ಳಿಗೆ ಸೇರಿ ಒಂದು ಬದಲಿ ಮೋಟರ್ ಪಂಚಾಯ್ತಿಯಲ್ಲಿ ಸಿದ್ಧವಿದ್ದರೆ ಒಂದು ವಾರದ ಪಾಡು ಒಂದು ದಿನಕ್ಕೆ ಮುಗಿಯುತ್ತದೆ. ಹೊಸ ಟ್ಯಾಂಕ್ ಕಟ್ಟಿಸಿದರೆ ಕಲ್ಲಿನ ಮೇಲೆ ಹೆಸರು ಕೆತ್ತುತ್ತಾರೆ, ಬದಲಿ ಮೋಟರಿಗೆ ಯಾರೂ ಕೆತ್ತುವುದಿಲ್ಲ. ಆದರೂ ಇದಕ್ಕೆ ದುಡ್ಡು ಇಡಿ ಎಂದು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಕೇಳಬೇಕು.

ಟ್ಯಾಂಕು, ಪೈಪು, ಗೇಟ್‌ವಾಲ್

ಓವರ್‌ಹೆಡ್ ಟ್ಯಾಂಕನ್ನು ಎತ್ತರದಲ್ಲಿ ಕಟ್ಟುವುದು ಯಾಕೆ ಎಂದು ಮಕ್ಕಳು ಕೇಳಿದರೆ ಹೀಗೆ ಹೇಳಬಹುದು. ಹತ್ತು ಮೀಟರ್ ಎತ್ತರದ ನೀರು ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒಂದು ಕೆಜಿ ಭಾರ ಹಾಕುತ್ತದೆ. ಹನ್ನೆರಡು ಮೀಟರ್ ಎತ್ತರದ ಟ್ಯಾಂಕಿನಿಂದ ಬುಡಕ್ಕೆ ಬರುವ ಒತ್ತಡ 1.2 ಕೆಜಿ. ನಲ್ಲಿಗೆ ನೀರು ತಳ್ಳುವುದು ಇದೇ. ಕಾಲೊನಿ ಟ್ಯಾಂಕಿನ ಬುಡಕ್ಕಿಂತ ಆರು ಮೀಟರ್ ಎತ್ತರದ ದಿಣ್ಣೆಯ ಮೇಲಿದ್ದರೆ ಒತ್ತಡದ ಅರ್ಧ ಅಲ್ಲಿಗೇ ಮುಗಿಯಿತು. ಉಳಿದರ್ಧವನ್ನು ಪೈಪಿನ ಒಳಮೈ ಉಜ್ಜಾಟ ತಿನ್ನುತ್ತದೆ.

ಈ ಉಜ್ಜಾಟ ಪೈಪಿನ ಅಗಲವನ್ನು ಅವಲಂಬಿಸಿದೆ, ಅದೂ ಬಹಳ ಕಟುವಾಗಿ. ಅಷ್ಟೇ ನೀರನ್ನು ಅರ್ಧ ಅಗಲದ ಪೈಪಿನಲ್ಲಿ ಕಳಿಸಿದರೆ ಒತ್ತಡದ ನಷ್ಟ ಸುಮಾರು ಮೂವತ್ತು ಪಟ್ಟು ಹೆಚ್ಚಾಗುತ್ತದೆ. ಊರು ಬೆಳೆದಾಗ ಹಳೆಯ ಸಣ್ಣ ಪೈಪಿನ ತುದಿಗೆ ಇನ್ನೊಂದು ಸಣ್ಣ ಪೈಪು ಜೋಡಿಸಿ ಹೊಸ ಬೀದಿಗೆ ಎಳೆದಿರುತ್ತಾರೆ. ಕೊನೆಮನೆಯ ಬಿಂದಿಗೆ ಹತ್ತು ನಿಮಿಷ ತೆಗೆದುಕೊಳ್ಳುವುದು ಇಲ್ಲಿ. ಆ ಮನೆಯವರು ಅಂಗಳದಲ್ಲಿ ಗುಂಡಿ ತೋಡಿ ನಲ್ಲಿಯನ್ನು ಎರಡಡಿ ಕೆಳಕ್ಕೆ ಇಳಿಸಿಕೊಳ್ಳುತ್ತಾರೆ, ಪಕ್ಕದವರು ಮೂರಡಿ ಇಳಿಸುತ್ತಾರೆ, ಅನುಕೂಲ ಇದ್ದವರು ಪೈಪಿಗೇ ಸಣ್ಣ ಮೋಟರ್ ಹಾಕಿ ಎಳೆಯುತ್ತಾರೆ.

ಆ ಗುಂಡಿ ಎಷ್ಟು ಅಪಾಯ ಎಂದು ಒತ್ತಿ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ನೀರು ದಿನಕ್ಕೆ ಒಂದೆರಡು ಗಂಟೆ ಬರುತ್ತದೆ, ಉಳಿದ ಹೊತ್ತು ಪೈಪು ಖಾಲಿ. ನೀರು ನಿಂತು ಪೈಪು ಬರಿದಾಗುವಾಗ ಒಳಗೆ ಎಳೆತ ಉಂಟಾಗುತ್ತದೆ. ಆಗ ಎಲ್ಲಿ ಬಿರುಕಿದೆಯೋ, ಎಲ್ಲಿ ಜಾಯಿಂಟು ಸಡಿಲವಾಗಿದೆಯೋ, ಎಲ್ಲಿ ಗುಂಡಿಯಲ್ಲಿ ನಲ್ಲಿ ಮುಳುಗಿದೆಯೋ, ಅಲ್ಲಿನ ಕೊಳಕು ನೀರು ಪೈಪಿನೊಳಕ್ಕೆ ಹೋಗುತ್ತದೆ. ಚರಂಡಿಯ ಪಕ್ಕದಲ್ಲೇ ಪೈಪು ಹಾಕಿದ್ದರೆ ಚರಂಡಿ ನೀರೇ ಹೋಗುತ್ತದೆ. ಮಾರನೆಯ ದಿನ ಬೆಳಿಗ್ಗೆ ಮೊದಲ ಬಿಂದಿಗೆಯಲ್ಲಿ ಅದು ಹೊರಬರುತ್ತದೆ. ಟ್ಯಾಂಕಿನಲ್ಲಿ ಶುದ್ಧವಾಗಿದ್ದ ನೀರು ಮನೆಯಲ್ಲಿ ವಾಂತಿ ಭೇದಿ ತರುವುದು ಈ ದಾರಿಯಿಂದ.

ದಾರಿ ಇಲ್ಲದೆ ಇಲ್ಲ. ಊರನ್ನು ಬೀದಿಗಳ ಲೆಕ್ಕದಲ್ಲಿ ನಾಲ್ಕು ಭಾಗ ಮಾಡಿ, ಪ್ರತಿ ಭಾಗಕ್ಕೆ ಒಂದು ಗೇಟ್‌ವಾಲ್ ಇಟ್ಟು, ಟ್ಯಾಂಕ್ ತುಂಬಿರುವಾಗ ಮೊದಲು ತುದಿಯ ಕಾಲೊನಿಗೆ ಬಿಡುವುದು. ಆಮೇಲೆ ನಡುವಿನ ಬೀದಿಗಳು, ಕೊನೆಗೆ ಟ್ಯಾಂಕಿನ ಪಕ್ಕದವು. ಹಳೆಯ ನೀರುಗಂಟಿಗಳು ಕೆರೆ ನೀರಿಗೂ ತುದಿಯ ಗದ್ದೆಯ ಸರದಿ ಕಾಯುತ್ತಿದ್ದರು. ವಾಲ್ವನ್ನು ನಿಧಾನಕ್ಕೆ ತಿರುಗಿಸಬೇಕು, ಒಮ್ಮೆಗೇ ಮುಚ್ಚಿದರೆ ಓಡುತ್ತಿದ್ದ ನೀರು ಹೋಗಿ ಬಡಿದು ಜಾಯಿಂಟು ಬಿಡುತ್ತದೆ. ಮೋಟರಿನಿಂದ ಟ್ಯಾಂಕಿಗೆ ಏರಿಸದೆ ನೇರ ಬೀದಿ ಪೈಪಿಗೆ ಬಿಡುವ ಅಭ್ಯಾಸವನ್ನೂ ಬಿಡಬೇಕು. ಹಾಗೆ ಬಿಟ್ಟರೆ ಒತ್ತಡ ಏರುಪೇರಾಗುತ್ತದೆ, ಬ್ಲೀಚಿಂಗ್ ಬೆರೆಸುವ ಅವಕಾಶವೂ ತಪ್ಪುತ್ತದೆ.

ಇನ್ನು ತಿರುಪಿಲ್ಲದ ನಲ್ಲಿ. ನಿಮಿಷಕ್ಕೆ ಹತ್ತು ಲೀಟರ್ ಬರುವ ಒಂದು ಬಾಯಿ ತೆರೆದ ಪೈಪು ಒಂದು ಗಂಟೆ ಹರಿದರೆ 600 ಲೀಟರ್. ಹನ್ನೊಂದು ಜನರ ಇಡೀ ದಿನದ ಪಾಲು.

ಕುಡಿಯಲು ಯೋಗ್ಯವೇ?

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಜನ ಎರಡನ್ನೂ ಸೇರಿಸಿ ‘ನೀರು ಸರಿಯಿಲ್ಲ’ ಎನ್ನುತ್ತಾರೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲನೆಯದು ರೋಗಾಣು. ಇದಕ್ಕೆ ಬ್ಲೀಚಿಂಗ್ ಪೌಡರ್. ಎಷ್ಟು ಹಾಕಬೇಕು ಅನ್ನುವುದನ್ನು ಕೈ ಅಂದಾಜಿಗೆ ಬಿಡಬಾರದು. 50,000 ಲೀಟರಿನ ಟ್ಯಾಂಕಿಗೆ ಲೀಟರಿಗೆ ಎರಡು ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ ಒಟ್ಟು 100 ಗ್ರಾಂ. ಪೌಡರಿನಲ್ಲಿ ಕ್ಲೋರಿನ್ ಇರುವುದು ನೂರಕ್ಕೆ ಇಪ್ಪತ್ತೈದು ಪಾಲು ಎಂದು ಹಿಡಿದರೆ 400 ಗ್ರಾಂ ಪೌಡರ್. ಅದನ್ನು ಹಾಗೇ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣದ ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಟ್ಯಾಂಕಿಗೆ ಬಿಟ್ಟು, ಕಡಿಮೆ ಎಂದರೂ ಅರ್ಧ ಗಂಟೆ ಬಿಟ್ಟು ಊರಿಗೆ ನೀರು ಬಿಡಬೇಕು. ಚೀಲದ ಬಾಯಿ ತೆರೆದು ತಿಂಗಳುಗಟ್ಟಲೆ ಮೋಟರ್ ಮನೆಯಲ್ಲಿಟ್ಟ ಪೌಡರ್ ಸತ್ವ ಕಳೆದುಕೊಂಡಿರುತ್ತದೆ, ವಾಸನೆ ಇದ್ದರೂ ಕೆಲಸ ಮಾಡುವುದಿಲ್ಲ. ಹಾಕಿದ್ದು ಸಾಕಾಯಿತೇ ಎಂದು ನೋಡಬೇಕಾದ ಜಾಗ ಟ್ಯಾಂಕಲ್ಲ, ಕೊನೆಮನೆಯ ನಲ್ಲಿ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ದಾರಿಯಲ್ಲಿ ಸೇರಿದ ರೋಗಾಣುವನ್ನೂ ಅದು ಕೊಂದಿದೆ ಎಂದರ್ಥ. ನೀರಿಗೆ ಎರಡು ಹನಿ ದ್ರಾವಣ ಹಾಕಿ ಹಳದಿ ಬಣ್ಣ ನೋಡುವ ಪುಟ್ಟ ಪೆಟ್ಟಿಗೆಯಿಂದ ಯಾರು ಬೇಕಾದರೂ ಇದನ್ನು ಪರೀಕ್ಷೆ ಮಾಡಬಹುದು. ಜಲ ಜೀವನ್ ಮಿಷನ್ನಿನಲ್ಲಿ ಪ್ರತಿ ಊರಿನ ಐದು ಜನ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂದಿದೆ. ಇಡೀ ಯೋಜನೆಯಲ್ಲಿ ನನಗೆ ತುಂಬ ಬೆಲೆಯುಳ್ಳದ್ದು ಅನಿಸಿದ್ದು ಇದೇ. ಬಿಂದಿಗೆ ಹೊತ್ತವರಿಗೆ ನೀರಿನ ಬಣ್ಣ, ರುಚಿ, ವಾಸನೆ ಬದಲಾದದ್ದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.

ಎರಡನೆಯದು ಫ್ಲೋರೈಡ್. ಇದು ಹೊರಗಿನಿಂದ ಸೇರಿದ ಕೊಳೆಯಲ್ಲ, ನಮ್ಮ ಬಂಡೆಯಲ್ಲೇ ಇರುವಂಥದ್ದು. ನೀರು ಬಂಡೆಯ ಬಿರುಕಿನಲ್ಲಿ ಹೆಚ್ಚು ವರ್ಷ ನಿಂತಷ್ಟೂ ಹೆಚ್ಚು ಕರಗುತ್ತದೆ, ಆದ್ದರಿಂದ ಆಳದ ಬೋರುಗಳಲ್ಲಿ ಸಾಮಾನ್ಯವಾಗಿ ಜಾಸ್ತಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ಇನ್ನೂ ಹೆಚ್ಚಾದರೆ ದೊಡ್ಡವರ ಬೆನ್ನು ಮಂಡಿ ಬಿಗಿತ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಅಲ್ಲೇ ಉಳಿಯುವುದರಿಂದ ಉಳಿದ ನೀರಿನಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಮಗುವಿಗೆಂದು ಅಕ್ಕರೆಯಿಂದ ಗಂಟೆಗಟ್ಟಲೆ ಕುದಿಸುವ ತಾಯಂದಿರಿಗೆ ಇದು ತಿಳಿಯಬೇಕು. ಬ್ಲೀಚಿಂಗ್ ಹಾಕಿದರೂ ಹೋಗುವುದಿಲ್ಲ.

ಫ್ಲೋರೈಡ್ ತೆಗೆಯಲು ಊರೂರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ನಾಣ್ಯ ಹಾಕಿ ಕ್ಯಾನ್ ಹಿಡಿಯುವ, ನೀರನ್ನು ತೆಳು ಪೊರೆಯ ಮೂಲಕ ಒತ್ತಿ ಸೋಸುವ ಆರ್‌ಒ ಘಟಕ. ಇಲ್ಲೊಂದು ಜಾಣ ಲೆಕ್ಕ ಇದೆ. ತಲೆಗೆ 55 ಲೀಟರಿನಲ್ಲಿ ಬಾಯಿಗೆ ಹೋಗುವುದು, ಅಡುಗೆಯೂ ಸೇರಿ, ಎಂಟು ಹತ್ತು ಲೀಟರ್ ಮಾತ್ರ. ಅಷ್ಟನ್ನು ಶುದ್ಧ ಮಾಡಿದರೆ ಸಾಕು, ಪಾತ್ರೆ ಬಟ್ಟೆಗೆ ನಲ್ಲಿ ನೀರು ಆಗುತ್ತದೆ. ಆದರೆ ಆರ್‌ಒ ಎಳೆದುಕೊಂಡ ನೀರಿನಲ್ಲಿ ದೊಡ್ಡ ಪಾಲನ್ನು ಉಪ್ಪು ಫ್ಲೋರೈಡ್ ಸಮೇತ ಹೊರಕ್ಕೆ ಬಿಡುತ್ತದೆ. ಆ ನೀರು ಚರಂಡಿಗೆ ಹೋಗುತ್ತಿರುವ ಊರುಗಳೇ ಹೆಚ್ಚು. ಅದನ್ನು ಒಂದು ತೊಟ್ಟಿಗೆ ಹಿಡಿದು ಬಟ್ಟೆ ಒಗೆಯಲು, ಶೌಚಾಲಯಕ್ಕೆ ಕೊಡಬಹುದು. ಒಳಗಿನ ಪೊರೆ ಹಳೆಯದಾದರೆ ನೀರು ಬರುತ್ತಲೇ ಇರುತ್ತದೆ, ಫ್ಲೋರೈಡ್ ಮಾತ್ರ ತಡೆಯುವುದಿಲ್ಲ. ಆದ್ದರಿಂದ ಘಟಕದ ನೀರನ್ನೂ ಪರೀಕ್ಷೆಗೆ ಕಳಿಸಬೇಕು. ಮೋಟರ್ ನೋಡಿಕೊಳ್ಳುವವರು, ಘಟಕ ನೋಡಿಕೊಳ್ಳುವವರು ಬೇರೆ ಬೇರೆ ಇರುವುದರಿಂದ ಇದು ಯಾರ ಕೆಲಸವೂ ಆಗದೆ ಉಳಿದುಬಿಡುತ್ತದೆ.

ಹೊರಗಿನಿಂದ ಬರುವ ನೀರು

ಊರಿನ ಹೊರಗಿಂದ ನೀರು ತರುವುದು ಕೋಲಾರಕ್ಕೆ ಹೊಸದೇನಲ್ಲ. ಚಿನ್ನದ ಗಣಿಯ ಕಾಲದಲ್ಲೇ ಪಾಲಾರ್ ನೀರನ್ನು ಬೇತಮಂಗಲದಲ್ಲಿ ತಡೆದು, ಶುದ್ಧ ಮಾಡಿ ಕೆಜಿಎಫ್‌ಗೆ ಕಳಿಸುತ್ತಿದ್ದರು. 2023ರ ನವೆಂಬರಿನಲ್ಲಿ ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಬಳಿ ಮಾರ್ಕಂಡೇಯ ನದಿಗೆ ಕಟ್ಟಿದ ಅಣೆಕಟ್ಟು ಉದ್ಘಾಟನೆಯಾಗಿ ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗೂ ದಾರಿಯ ಹಲವು ಹಳ್ಳಿಗಳಿಗೂ ಆಸರೆ ಸಿಕ್ಕಿತು. ಉಳಿದ ನಮಗೆಲ್ಲ ಹತ್ತಿರದ್ದು ಕೆ.ಸಿ. ವ್ಯಾಲಿ ಯೋಜನೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬಿಸುವುದು. 2018ರ ಜೂನಿನಲ್ಲಿ ಆ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಕಂಡು ವಿವಾದವಾಯಿತು, ಪ್ರಕರಣ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋಗಿ ಮತ್ತೆ ನೀರು ಹರಿಯಿತು.

ಕೆರೆ ತುಂಬಿದ ಕಡೆ ಒಣಗಿದ್ದ ಬೋರುಗಳಲ್ಲಿ ನೀರು ಮೇಲೆ ಬಂದಿದೆ, ರೈತರಿಗೆ ಉಸಿರು ಬಂದಿದೆ. ಅದನ್ನು ಸಣ್ಣದು ಮಾಡಲಾರೆ. ಆದರೆ ಊರಿನ ಕುಡಿಯುವ ನೀರಿನ ಬೋರ್ ಅಂಥ ಕೆರೆಯ ಕೆಳಗೇ ಇದ್ದರೆ ಆ ನೀರನ್ನು ಬೇರೆ ಬೋರಿಗಿಂತ ಹೆಚ್ಚು ಸಲ ಪರೀಕ್ಷಿಸಬೇಕು, ಮುಖ್ಯವಾಗಿ ನೈಟ್ರೇಟ್ ಮತ್ತು ರೋಗಾಣುಗಳಿಗೆ. ನೈಟ್ರೇಟಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಎರಡು ಹಂತ ಸಾಲದು, ಮೂರನೆಯ ಹಂತದ ಸಂಸ್ಕರಣೆಯೂ ಆಗಲಿ ಎಂದು ಜಿಲ್ಲೆಯ ಜನ ಕೇಳುತ್ತಿರುವುದು ನ್ಯಾಯವಾದದ್ದು.

ಮಳೆಯ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಒಂದು ಎಕರೆಯ ಮೇಲೆ ಅದು 28 ಲಕ್ಷ ಲೀಟರ್. ನಮ್ಮ ಲೆಕ್ಕದ ಊರಿಗೆ ವರ್ಷಕ್ಕೆ ಬೇಕಾದದ್ದು 2 ಕೋಟಿ 40 ಲಕ್ಷ ಲೀಟರ್, ಅಂದರೆ ಎಂಟೂವರೆ ಎಕರೆಯ ಮಳೆ. ಹತ್ತರಲ್ಲಿ ಒಂದು ಪಾಲು ಮಾತ್ರ ಭೂಮಿಗೆ ಇಳಿಯುತ್ತದೆ ಎಂದುಕೊಂಡರೂ 85 ಎಕರೆ. ಒಂದು ಸಾಧಾರಣ ಕೆರೆಯ ಜಲಾನಯನ ಇದಕ್ಕಿಂತ ದೊಡ್ಡದು. ರಾಜಕಾಲುವೆ ತೆರವು ಮಾಡಿ, ಹೂಳು ತೆಗೆದು, ಬೋರಿನ ಮೇಲ್ಬದಿಯಲ್ಲಿ ಇಂಗುಗುಂಡಿ ತೋಡುವುದನ್ನು ಊರಿನ ನೀರು ಸರಬರಾಜಿನ ಕೆಲಸವೆಂದೇ ಲೆಕ್ಕ ಹಾಕಬೇಕು.

ದುಡ್ಡು, ಮತ್ತು ಯಾವುದು ಮೊದಲು

ಸಾವಿರ ಲೀಟರಿಗೆ ಎರಡು ಯೂನಿಟ್ ಎಂದರೆ 66,000 ಲೀಟರಿಗೆ ದಿನಕ್ಕೆ 132 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಎಂದು ಇಟ್ಟುಕೊಂಡರೆ ತಿಂಗಳಿಗೆ 24,000 ರೂಪಾಯಿ ಹತ್ತಿರ. 240 ಮನೆಯವರೂ ತಿಂಗಳಿಗೆ ನೂರು ರೂಪಾಯಿ ನೀರಿನ ಕಂದಾಯ ಕಟ್ಟಿದರೂ ಅದು ಕರೆಂಟಿಗಷ್ಟೇ ಸರಿಹೋಗುತ್ತದೆ. ನೀರುಗಂಟಿಯ ಸಂಬಳ, ಪೌಡರ್, ರಿಪೇರಿ ಎಲ್ಲ ಹೊರಗೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 30 ಪಾಲನ್ನು ಕುಡಿಯುವ ನೀರು, ಮಳೆನೀರು ಸಂಗ್ರಹದಂಥ ಕೆಲಸಕ್ಕೇ ಕಟ್ಟಿಡಲಾಗಿತ್ತು. ಅಂಥ ದುಡ್ಡು ಬಂದಾಗ ಪೈಪು, ಟ್ಯಾಂಕು, ಹೊಸ ಬೋರು ಎಂದು ಮನಸ್ಸು ಓಡುತ್ತದೆ. ನಾನು ನೋಡಿದ ಮಟ್ಟಿಗೆ ಮೊದಲು ಬೇಕಾದದ್ದು ಬೋರಿನ ಬಾಯಿಗೆ ಒಂದು ನೀರಿನ ಮೀಟರ್.

ಮೀಟರ್ ಇದ್ದರೆ ಒಂದೇ ಅಂಕಿಯಿಂದ ಬಹಳ ವಿಷಯ ತಿಳಿಯುತ್ತದೆ: ಸಾವಿರ ಲೀಟರಿಗೆ ಎಷ್ಟು ಯೂನಿಟ್ ಖರ್ಚಾಯಿತು? ಎರಡಿದ್ದದ್ದು ಮೂರಾದರೆ ಪಂಪು ಸವೆದಿರಬೇಕು, ಇಲ್ಲವೇ ನೀರಿನ ಮಟ್ಟ ಇಳಿದಿರಬೇಕು, ಇಲ್ಲವೇ ಬೋರಿನೊಳಗೇ ಪೈಪು ತೂತಾಗಿ ಎತ್ತಿದ ನೀರು ಮತ್ತೆ ಒಳಕ್ಕೇ ಬೀಳುತ್ತಿರಬೇಕು. ಮೋಟರ್ ಸುಡುವುದಕ್ಕೆ ತಿಂಗಳುಗಳ ಮುಂಚೆಯೇ ಈ ಅಂಕಿ ಎಚ್ಚರಿಸುತ್ತದೆ.

ಸೋರಿಕೆ ಹುಡುಕುವುದಕ್ಕೆ ದುಡ್ಡೇ ಬೇಡ. ರಾತ್ರಿ ಹತ್ತಕ್ಕೆ ಎಲ್ಲ ವಾಲ್ವ್ ಮುಚ್ಚಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ಟ್ಯಾಂಕು ಅಥವಾ ವಾಲ್ವೇ ಸೋರುತ್ತಿದೆ. ಇಳಿದಿಲ್ಲವೆಂದರೆ ಮಾರನೆಯ ರಾತ್ರಿ, ಮನೆಗಳಲ್ಲಿ ನಲ್ಲಿ ಮುಚ್ಚಿಸಿ, ಒಂದು ಭಾಗದ ವಾಲ್ವ್ ಮಾತ್ರ ತೆರೆದು ನೋಡಿ. ಪೈಪು ತುಂಬುವಷ್ಟು ಇಳಿದು ನಿಲ್ಲಬೇಕು. ನಿಲ್ಲದೆ ಇಳಿಯುತ್ತಲೇ ಹೋದರೆ ಸೋರಿಕೆ ಆ ಬೀದಿಗಳಲ್ಲಿದೆ. ನಾವು ಹೀಗೆ ನಾಲ್ಕು ರಾತ್ರಿ ಕೂತೆವು. ಮೂರನೆಯ ರಾತ್ರಿ ಗೊತ್ತಾಯಿತು, ಮೋರಿಯ ಕೆಳಗೆ ಹಾದುಹೋದ ಪೈಪಿನ ಜಾಯಿಂಟು ಬಿಟ್ಟಿತ್ತು. ಕಾಲೊನಿಗೆ ಹೋಗುವ ಪೈಪು ಅದೇ. ಅದನ್ನು ಕಟ್ಟಿಸಿ, ಕಾಲೊನಿಯ ಸರದಿಯನ್ನು ಮೊದಲಿಗೆ ತಂದ ಮೇಲೆ ಅಲ್ಲಿನ ಬಿಂದಿಗೆ ಮೂರು ನಿಮಿಷಕ್ಕೆ ತುಂಬುತ್ತಿದೆ. ಇನ್ನೂ ಇಳಿಸಲು ಪೈಪನ್ನೇ ದಪ್ಪದ್ದು ಹಾಕಬೇಕು, ಅದಕ್ಕೆ ಈ ವರ್ಷದ ಕ್ರಿಯಾಯೋಜನೆಯಲ್ಲಿ ಬರೆಸಿದ್ದೇವೆ.

ಈಗ ಪಂಚಾಯ್ತಿ ಕಟ್ಟೆಯ ಕಪ್ಪು ಹಲಗೆಯ ಮೇಲೆ ತಿಂಗಳಿಗೊಮ್ಮೆ ಆರು ಸಾಲು ಬರೆಯುತ್ತೇವೆ: ಎತ್ತಿದ ನೀರು, ಸುಟ್ಟ ಯೂನಿಟ್, ಬೋರಿನ ನೀರಿನ ಮಟ್ಟ, ಟ್ಯಾಂಕ್ ತೊಳೆದ ದಿನ, ಕೊನೆಮನೆಯ ನಲ್ಲಿಯಲ್ಲಿ ಸಿಕ್ಕ ಕ್ಲೋರಿನ್, ಬಂದ ಕಂದಾಯ. ಮೊದಲ ಐದು ಸಾಲನ್ನು ನೀರುಗಂಟಿ ಹೇಳುತ್ತಾನೆ, ತರಬೇತಿ ಪಡೆದ ಹೆಣ್ಣುಮಗಳೊಬ್ಬಳು ಬರೆಯುತ್ತಾಳೆ. ಆರನೆಯದನ್ನು ಬಿಲ್ ಕಲೆಕ್ಟರ್ ತುಂಬುತ್ತಾರೆ.